ಸೆವೆನ್ ಎಯ್ಟ್ ಜಾ ಐವತ್ತಾರು

ಶಾಲೆಯ ವಾಟ್ಸಾಪ್ ಗ್ರೂಪಿಗೆ ರಾತ್ರಿ ಒಂಬತ್ತರ ಮೇಲೆ ಮೆಸೇಜು ಬಂತು ಅಂದರೆ ಅದು ಒಳ್ಳೆಯ ಸುದ್ದಿ ಆಗಿರುವುದಿಲ್ಲ. ಈ ಸಲ ಬಂದದ್ದು ಇದು: 'ನಾಳೆ ಬೆಳಗ್ಗೆಯೊಳಗೆ ಮಕ್ಕಳು 7ರ ಮಗ್ಗಿ ಹೇಳುವ ವಿಡಿಯೊ ಕಳಿಸಿ. ಪುಸ್ತಕ ನೋಡಬಾರದು. ಹಿಂದೆ ಗದ್ದಲ ಇರಬಾರದು. ಮಗು ಯೂನಿಫಾರ್ಮಿನಲ್ಲಿರಬೇಕು.' ಯೂನಿಫಾರ್ಮು ಆಗ ಬಕೆಟ್ಟಿನಲ್ಲಿ ನೆನೆಯುತ್ತಿತ್ತು.

ಹೋದ ತಿಂಗಳು ಪೋಷಕರ ಸಭೆಯಲ್ಲಿ ಇದೇ ಶಾಲೆಯವರು ಪ್ರೊಜೆಕ್ಟರ್ ಹಾಕಿ ನಮಗೆ ಪಾಠ ಮಾಡಿದ್ದರು. ಬಾಯಿಪಾಠದ ಕಾಲ ಮುಗಿಯಿತಂತೆ. ಮಗುವಿಗೆ ಅರ್ಥ ಆಗಬೇಕಂತೆ, ಉರು ಹೊಡೆಸಬಾರದಂತೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹಾಗೆ ಹೇಳಿದೆ ಎಂದು ಪರದೆಯ ಮೇಲೆ ತೋರಿಸಿದರು. ಏಳನ್ನು ಎಂಟು ಸಲ ಕೂಡಿದರೆ ಏಳೆಂಟು, ಮಣಿ ಜೋಡಿಸಿ ತೋರಿಸಿ, ಚುಕ್ಕಿ ಇಟ್ಟು ತೋರಿಸಿ ಅಂದರು. ನಾವೆಲ್ಲ ತಲೆಯಾಡಿಸಿ ಬಂದೆವು. ಈಗ ನೋಡಿದರೆ ಉರು ಹೊಡೆಯುವುದು ಹಾಗೇ ಇದೆ, ಕ್ಯಾಮೆರಾ ಮಾತ್ರ ಹೊಸದಾಗಿ ಸೇರಿದೆ. ಮೊದಲು ಮಗ್ಗಿ ಅನ್ನೋದು ಮಗುವಿನ ತಲೆನೋವಾಗಿತ್ತು. ಈಗ ಮನೆಮಂದಿಗೆಲ್ಲ ಹಂಚಿಕೆಯಾಗಿದೆ.

ನಮ್ಮ ಮನೆಯಲ್ಲಂತೂ ಮಗ್ಗಿಯ ಮಾತೇ ಎತ್ತುವ ಹಾಗಿಲ್ಲ. ಕಾರಣ ನಮ್ಮ ಮಾವ. ವಯಸ್ಸು ಎಂಬತ್ತರ ಹತ್ತಿರ. ಬೆಳಗ್ಗೆ ಮಾತ್ರೆ ನುಂಗಿದ್ದು ಮಧ್ಯಾಹ್ನಕ್ಕೆ ಮರೆತಿರುತ್ತದೆ, ಹತ್ತೊಂಬತ್ತರ ಮಗ್ಗಿ ಮರೆತಿಲ್ಲ. ಮನೆಗೆ ಯಾವ ಮಗು ಬಂದರೂ ಹೆಸರು ಕೇಳುವುದಿಲ್ಲ. 'ಹದಿನೇಳೆಂಟ್ಲ ಎಷ್ಟು?' ಅಂತಾರೆ. ಮಕ್ಕಳಾದರೆ ಹೋಗಲಿ ಅನ್ನಬಹುದು. ಸಿಲಿಂಡರ್ ತಂದ ಹುಡುಗನನ್ನೂ ಬಿಟ್ಟಿಲ್ಲ. ಪಾಪ, ಅವನು ಹೆಗಲ ಮೇಲೆ ಸಿಲಿಂಡರ್ ಇಟ್ಟುಕೊಂಡೇ 'ನೂರಾ ಮೂವತ್ತಾರು' ಅಂದ. ಅವತ್ತಿನಿಂದ ಮಾವ ಅವನಿಗೆ ಕುರ್ಚಿ ಕೊಡುತ್ತಾರೆ. ನಾದಿನಿಯನ್ನು ನೋಡೋಕೆ ಬಂದ ಹುಡುಗನಿಗೂ ಅದೇ ಪ್ರಶ್ನೆ ಹಾಕಿದ್ದರು. ಇಂಜಿನಿಯರ್. ಜೇಬಿನಿಂದ ಫೋನ್ ತೆಗೆದ. ಸಂಬಂಧವೇನೋ ಕುದುರಿತು, ಆದರೆ ಅಳಿಯನನ್ನು ಮಾವ ಇವತ್ತಿಗೂ ಲೆಕ್ಕಕ್ಕೆ ಇಟ್ಟಿಲ್ಲ.

ಅವರು ಕಲಿತದ್ದು ಆಣೆ ಕಾಸಿನ ಕಾಲದಲ್ಲಿ. ಆಣೆಗೆ 12 ಕಾಸು, ರೂಪಾಯಿಗೆ 16 ಆಣೆ. ಹನ್ನೆರಡರ, ಹದಿನಾರರ ಮಗ್ಗಿ ಬಾರದಿದ್ದರೆ ಅಂಗಡಿಯವನು ಕೊಟ್ಟ ಚಿಲ್ಲರೆ ಸರಿ ಇದೆಯಾ ಅಂತ ನೋಡೋಕೂ ಆಗುತ್ತಿರಲಿಲ್ಲ. ಅದು ಸಾಲದು ಅಂತ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬೇರೆ. ಮಗ್ಗಿ ಪುಸ್ತಕದ ಕೊನೆಗೆ ಅರವತ್ತು ಸಂವತ್ಸರ, ಇಪ್ಪತ್ತೇಳು ನಕ್ಷತ್ರ. ಇಷ್ಟೆಲ್ಲ ಬಾಯಿಗೆ ಬರುವ ಹೊತ್ತಿಗೆ 1957ರ ಏಪ್ರಿಲ್ ಬಂತು, ರೂಪಾಯಿಗೆ 100 ನಯಾಪೈಸೆ ಆಯಿತು. ಹದಿನಾರರ ಮಗ್ಗಿಯ ಕೆಲಸ ಹೋಯಿತು. ಅಷ್ಟು ಕಷ್ಟಪಟ್ಟು ಕಲಿತದ್ದನ್ನು ಬಳಸೋಕೇ ಬಿಡಲಿಲ್ಲವಲ್ಲ ಅನ್ನೋ ಸಿಟ್ಟಿಗೋ ಏನೋ, ಸಿಕ್ಕವರ ಮೇಲೆಲ್ಲ ಪ್ರಯೋಗಿಸುತ್ತಿದ್ದಾರೆ.

ಸರಿ, ವಿಡಿಯೊಗೆ ಬರೋಣ. ಅಂಗಿಯನ್ನು ಹಿಂಡಿ, ಇಸ್ತ್ರಿ ಹೊಡೆದು, ಒದ್ದೆ ಇರುವಾಗಲೇ ಮಗಳಿಗೆ ಹಾಕಿದ್ದಾಯಿತು. ಕೆಳಗೆ ನೈಟ್ ಪ್ಯಾಂಟೇ ಇರಲಿ, ಸೊಂಟದ ಮೇಲಷ್ಟೇ ತೆಗೆದರಾಯಿತು ಅಂತ ಯಜಮಾನರು ಫೋನ್ ಹಿಡಿದು ನಿಂತರು. ಮಗಳು ರಾತ್ರಿ ಹತ್ತು ಗಂಟೆಗೆ 'ಗುಡ್ ಮಾರ್ನಿಂಗ್ ಮ್ಯಾಮ್' ಅಂದಳು.

'ಸೆವೆನ್ ಒನ್ ಜಾ ಸೆವೆನ್, ಸೆವೆನ್ ಟೂ ಜಾ ಫೋರ್ಟೀನ್...' ಐದರ ತನಕ ರೈಲು ಬಿಟ್ಟ ಹಾಗೆ ಹೋಯಿತು. 'ಸೆವೆನ್ ಸಿಕ್ಸ್ ಜಾ...' ಅಂದವಳು ಫ್ಯಾನ್ ನೋಡಿದಳು. ಒಳಕೋಣೆಯಿಂದ 'ನಲವತ್ತೆರಡು!' ಅಂತ ಬಂತು.

ಮತ್ತೆ ಮೊದಲಿಂದ. ಮಾವನಿಗೆ ವಿಷಯ ತಿಳಿಸಿದೆ. 'ಅಯ್ಯೋ, ನಾನ್ಯಾಕೆ ಮಾತಾಡಲಿ, ನೀವು ಮಾಡಿಕೊಳ್ಳಿ' ಅಂದರು. ಬಾಗಿಲು ಹಾಕಿದೆವು. ಈ ಸಲ ಆರು ದಾಟಿತು, ಏಳು ದಾಟಿತು. 'ಸೆವೆನ್ ಎಯ್ಟ್ ಜಾ...' ಮತ್ತೆ ಫ್ಯಾನ್. ಒಂದು ಕ್ಷಣ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಹಾಕಿದ ಬಾಗಿಲ ಹಿಂದಿನಿಂದ, ತಡೆದುಕೊಂಡು ತಡೆದುಕೊಂಡು ಕೊನೆಗೂ ತಡೆಯಲಾರದೆ ಬಂದ ದನಿ: 'ಐವತ್ತಾರು!'

ಮಗಳು ಕ್ಯಾಮೆರಾವನ್ನೇ ನೋಡುತ್ತ ಕೇಳಿದಳು. 'ಅಮ್ಮಾ, ಐವತ್ತಾರು ಅಂದ್ರೆ ಎಷ್ಟು?'

ಬಾಗಿಲು ತೆರೆಯಿತು. ಮಾವ ಹೊಸ್ತಿಲಲ್ಲಿ ನಿಂತಿದ್ದರು. ನಯಾಪೈಸೆ ಬಂದಾಗಲೂ ಅವರ ಮುಖ ಅಷ್ಟು ಸಣ್ಣದಾಗಿರಲಿಕ್ಕಿಲ್ಲ. 'ಏನಮ್ಮಾ ಇದು, ಮಗೂಗೆ ಐವತ್ತಾರು ಗೊತ್ತಿಲ್ವಾ?' ಅಂತ ನನ್ನನ್ನು ಕೇಳಿದರು. ಆಮೇಲೆ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು 'ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು' ಅಂತ ಶುರು ಮಾಡಿಯೇಬಿಟ್ಟರು. ಅವಳಿಗೆ ಖುಷಿಯೋ ಖುಷಿ. ರಾಗ ಇದೆ, ಕುಣಿಯಬಹುದು. ಹೊತ್ತು ಹನ್ನೊಂದಾಗುತ್ತಾ ಬಂದಿತ್ತು. ನನ್ನ ತಲೆ ಚಿಟ್ಟು ಹಿಡಿದಿತ್ತು. ಕೊನೆಗೆ ಸಿಕ್ಕ ವಿಡಿಯೊದಲ್ಲಿ ಅವಳು 'ಏಳಾರ್ಲ ಫಾರ್ಟಿಟೂ, ಸೆವೆನ್ ಎಯ್ಟ್ ಜಾ ಐವತ್ತಾರು' ಅಂದಿದ್ದಾಳೆ. ಲೆಕ್ಕ ಸರಿ ಇದೆಯಲ್ಲ, ಅದನ್ನೇ ಕಳಿಸಿದೆ. ಬೆಳಗ್ಗೆ ಒಂದು ಹೆಬ್ಬೆಟ್ಟಿನ ಚಿತ್ರ ಬಂತು, ಅದರ ಕೆಳಗೆ 'ದಯವಿಟ್ಟು ಹಿಂದಿನಿಂದ ಹೇಳಿಕೊಡಬೇಡಿ' ಅಂತ.

ನಾವು ಓದುವಾಗ ಮಗ್ಗಿ ಒಬ್ಬರ ಕೆಲಸ ಆಗಿರಲಿಲ್ಲ. ಸಂಜೆ ಶಾಲೆ ಬಿಡುವ ಮುಂಚೆ ಇಡೀ ತರಗತಿ ನಿಂತು ಕೂಗುತ್ತಿತ್ತು. ಒಬ್ಬರು ಮುಂದೆ ನಿಂತು ಹೇಳಿಕೊಡೋದು, ಉಳಿದವರು ಹೇಳೋದು. ಆ ಗುಂಪಿನಲ್ಲಿ ಒಂದು ದೊಡ್ಡ ಅನುಕೂಲ ಇತ್ತು. 'ಹದಿನೇಳ್ಮೂರ್ಲ' ಅಂತ ಗಂಟಲು ಹರಿಯುವಂತೆ ಕೂಗಬೇಕು, ಉತ್ತರ ಬರುವಾಗ ದನಿ ಇಳಿಸಿ ಪಕ್ಕದವಳ ತುಟಿ ನೋಡಬೇಕು, ಕೊನೆಯ 'ಒಂದು' ಮಾತ್ರ ಮತ್ತೆ ಜೋರಾಗಿ ಸೇರಿಸಬೇಕು. ಮೇಷ್ಟ್ರಿಗೆ ಇದೆಲ್ಲ ಗೊತ್ತಿರುತ್ತಿತ್ತು, ಸುಮ್ನೆ ಇರುತ್ತಿದ್ದರು. ಹಾಗೆ ತುಟಿ ಆಡಿಸುತ್ತ ಆಡಿಸುತ್ತಲೇ ಮಗ್ಗಿ ಯಾವತ್ತೋ ಒಳಗೆ ಇಳಿದುಬಿಟ್ಟಿರುತ್ತಿತ್ತು. ಯಾವತ್ತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಮಗಳು ಮಾತ್ರ ಒಬ್ಬಳೇ ನಿಂತಿರುತ್ತಾಳೆ. ತುಟಿ ನೋಡೋಣ ಅಂದರೆ ಪಕ್ಕದಲ್ಲಿ ಯಾರೂ ಇಲ್ಲ.

ಆಗ ಮಗ್ಗಿ ಅಚ್ಚು ಹಾಕಿದ ಪೆನ್ಸಿಲ್ಲೂ ಸಿಗುತ್ತಿತ್ತು, ನೆನಪಿದೆಯಾ? ಪರೀಕ್ಷೆಗೆ ತಂದರೆ ಕಿತ್ತಿಟ್ಟುಕೊಳ್ಳುತ್ತಿದ್ದರು. ಅದೂ ಅಲ್ಲದೆ ಮೊನೆ ಮಾಡಿದಷ್ಟೂ ಮಗ್ಗಿ ಕಮ್ಮಿ ಆಗುತ್ತಿತ್ತು.

ಹಾಗಂತ ಈಗಿನದೆಲ್ಲ ದಂಡ ಅಂತಲ್ಲ. ಏಳೆಂಟು ಗೊತ್ತಿದ್ದರೆ ಎಂಟೇಳು ಪುಕ್ಕಟೆ ಅನ್ನೋದು ಮಗಳಿಗೆ ಮೂರನೇ ಕ್ಲಾಸಿಗೇ ಗೊತ್ತು. ನಮಗೆ ಅದನ್ನು ಯಾರೂ ಹೇಳಿರಲಿಲ್ಲ. ಒಂಬತ್ನಾಲ್ಕು ಬೇಕಾದರೆ ಅವಳು ಎರಡೂ ಕೈ ಬಿಡಿಸಿ, ಎಡಗಡೆಯಿಂದ ನಾಲ್ಕನೇ ಬೆರಳು ಮಡಚುತ್ತಾಳೆ. ಮಡಚಿದ ಬೆರಳಿನ ಎಡಕ್ಕೆ 3, ಬಲಕ್ಕೆ 6. ಮೂವತ್ತಾರು. 'ಇದು ಮೋಸ' ಅಂದರು ಮಾವ. ಅವಳು ಬಿಡಲಿಲ್ಲ, ಹತ್ತೊಂಬತ್ತರ ಮಗ್ಗಿ ಬರೆದಳು. ಮೊದಲು ಮೇಲಿಂದ ಕೆಳಗೆ 1, 3, 5, 7, ಆಮೇಲೆ ಅದರ ಪಕ್ಕ 9, 8, 7, 6. ಓದಿದರೆ 19, 38, 57, 76. ಮಾವ ಏನೂ ಮಾತಾಡಲಿಲ್ಲ. ಮಾರನೇ ದಿನದ ಪೇಪರಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ 190ರ ತನಕ ಬರೆದಿತ್ತು.

ಇಂಗ್ಲೆಂಡಿನಲ್ಲೂ 2022ರಿಂದ ಎಂಟೊಂಬತ್ತು ವರ್ಷದ ಮಕ್ಕಳಿಗೆ ಮಗ್ಗಿಯ ಪರೀಕ್ಷೆ ಕಡ್ಡಾಯ ಮಾಡಿದ್ದಾರೆ. ಕಂಪ್ಯೂಟರಿನ ಮುಂದೆ 25 ಪ್ರಶ್ನೆ, ಒಂದೊಂದಕ್ಕೆ 6 ಸೆಕೆಂಡ್. ಇದನ್ನು ಯಜಮಾನರು ಓದಿ ಹೇಳಿದಾಗ ಮಾವ ಕೇಳಿದ್ದು ಒಂದೇ, 'ಎಷ್ಟರ ತನಕ?' ಹನ್ನೆರಡರ ತನಕ ಅಂದರು. 'ಅಷ್ಟಕ್ಕೇ ನಿಲ್ಲಿಸ್ತಾರಾ? ಪಾಪ' ಅಂತ ಪೇಪರ್ ಮಡಚಿಟ್ಟರು.

ಮೊನ್ನೆ ಭಾನುವಾರ ಮಗಳೇ ಅವರನ್ನು ಕೂರಿಸಿಕೊಂಡಳು. 'ತಾತ, ಏಳೆಂಟ್ಲ ಐವತ್ತಾರು ಯಾಕೆ?'

'ಯಾಕೆ ಅಂದರೇನು? ಐವತ್ತಾರು, ಅಷ್ಟೇ.'

'ಹಾಗಲ್ಲ' ಅಂತ ಅವಳು ಹಾಳೆ ತಂದು ಏಳು ಸಾಲು ಹಾಕಿದಳು, ಸಾಲಿಗೆ ಎಂಟು ಚುಕ್ಕಿ. 'ಎಣಿಸಿ ನೋಡು.'

ಮಾವ ಕನ್ನಡಕ ಹಾಕಿಕೊಂಡರು. ಎಡಗೈಯಲ್ಲಿ ಹಾಳೆ ಹಿಡಿದು ಒಂದೊಂದೇ ಚುಕ್ಕಿ ಮುಟ್ಟಿ ಎಣಿಸಿದರು. ಐವತ್ತೈದು ಬಂತು. ಮತ್ತೆ ಎಣಿಸಿದರು. ಮತ್ತೂ ಐವತ್ತೈದೇ.

'ನೋಡು, ನಿನ್ನ ಚುಕ್ಕಿ ತಪ್ಪು. ಮಗ್ಗಿ ತಪ್ಪೋಕೆ ಸಾಧ್ಯವೇ ಇಲ್ಲ.'

'ತಾತ, ಹೆಬ್ಬೆರಳು ತೆಗೀ.'