ಹಾಲ್‌ನ ಟಿವಿಗೆ ಸ್ನೇಹಿತರ ಹಾಡು ಬರಬೇಕಾದರೆ

ಟಿವಿಯ ಹಿಂದೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂರಿಸಿ ಅದರಲ್ಲಿ ಸಿನಿಮಾ, ಹಾಡು ನುಡಿಸುವ ಕೋಡಿ ಎಂಬ ಮುಕ್ತ ತಂತ್ರಾಂಶ ನಡೆಸುವ ಗೆಳೆಯರಿಂದ ಮೇಲಿಂದ ಮೇಲೆ ಕೇಳುವ ದೂರು ಒಂದೇ: ಸಿನಿಮಾ, ಫೋಟೋ, ಹಾರ್ಡ್ ಡಿಸ್ಕಿನಲ್ಲಿರುವ ಹಾಡು ಎಲ್ಲವೂ ಸರಾಗವಾಗಿ ಓಡುತ್ತವೆ, ಆದರೆ ಸ್ನೇಹಿತರು ಏನು ಕೇಳುತ್ತಿದ್ದಾರೆಂದು ನೋಡಿ ಅದನ್ನೇ ಹಾಲ್‌ನಲ್ಲಿ ಹಾಕಿಕೊಳ್ಳುವ ಸೌಕರ್ಯ ಮಾತ್ರ ಸರಿಯಾಗಿಲ್ಲ. ಇಂಟರ್ನೆಟ್‌ನಿಂದ ಹಾಡು ಹರಿಸುವ (ಸ್ಟ್ರೀಮಿಂಗ್) ಸ್ಪಾಟಿಫೈ ಸೇವೆಯನ್ನು ಕೋಡಿಗೆ ಜೋಡಿಸುವ ಆಡ್‌ಆನ್ ಸರಿಹೋದರೆ ಎಲ್ಲವೂ ಸರಿಹೋದೀತೆಂದು ಅವರು ಕಾಯುತ್ತಿದ್ದಾರೆ. ನನಗನ್ನಿಸುವಂತೆ ಸ್ಟ್ರೀಮಿಂಗ್‌ನ ಚಿಂತೆಯನ್ನು ಸದ್ಯಕ್ಕೆ ಬದಿಗಿಟ್ಟು, ಕೇಳಿದ್ದರ ದಾಖಲೆಯನ್ನು ಮೊದಲು ನಮ್ಮ ಕೈಗೆ ತಂದುಕೊಳ್ಳಬೇಕು.

ಕೋಡಿಗೆ ಎಕ್ಸ್‌ಬಿಎಂಸಿ ಎಂಬ ಹೆಸರಿದ್ದ ಕಾಲದಲ್ಲಿ, ಕೇಳಿದ ಹಾಡುಗಳ ದಾಖಲೆ ಇಡುವ, ಜೊತೆಗೆ ಇಂಟರ್ನೆಟ್ ರೇಡಿಯೋ ಕೂಡ ನಡೆಸುತ್ತಿದ್ದ ಲಾಸ್ಟ್.ಎಫ್‌ಎಂ ಸೇವೆ ಅದರೊಳಗೇ ಇತ್ತು. ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ರಿಚರ್ಡ್ ಜೋನ್ಸ್ ಆರಂಭಿಸಿದ ಆಡಿಯೋಸ್ಕ್ರಾಬ್ಲರ್‌ನಿಂದ ಬಂದ ಅದರ ನಿಯಮ ಬಹಳ ಸರಳ: 30 ಸೆಕೆಂಡಿಗಿಂತ ಉದ್ದದ ಹಾಡನ್ನು ಅರ್ಧದಷ್ಟೋ 4 ನಿಮಿಷವೋ, ಯಾವುದು ಮೊದಲು ಬರುತ್ತದೋ ಅಷ್ಟು ಕೇಳಿದರೆ ಅದು ನಿಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ. 2007ರಲ್ಲಿ ಸಿಬಿಎಸ್ ಈ ಸಂಸ್ಥೆಯನ್ನು 28 ಕೋಟಿ ಡಾಲರಿಗೆ ಕೊಂಡಿತು. 2009ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಗಳನ್ನು ಬಿಟ್ಟು ಉಳಿದವರಿಗೆ ಅದರ ರೇಡಿಯೋ ತಿಂಗಳಿಗೆ 3 ಯೂರೋ ಶುಲ್ಕದ್ದಾಯಿತು. 2014ರಲ್ಲಿ ಆ ರೇಡಿಯೋ ಎಲ್ಲರಿಗೂ ನಿಂತಿತು. ರೇಡಿಯೋ ಹೋದರೂ ಸ್ಕ್ರಾಬಲ್ ಮಾಡುವ, ಅಂದರೆ ಕೇಳಿದ್ದನ್ನು ಹೀಗೆ ದಾಖಲಿಸುವ ವ್ಯವಸ್ಥೆ ಉಳಿಯಿತು, ಮತ್ತು ನನ್ನ ವಾದವೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಸ್ಟ್ರೀಮಿಂಗ್‌ನ ತೊಡಕು ಏನೆಂದರೆ, ಹಾಡಿನ ಹಕ್ಕು ಹೊಂದಿರುವ ಕಂಪನಿಗಳು ಗೂಢಲಿಪೀಕರಣ, ಅಂದರೆ ಕೀಲಿಯಿಲ್ಲದೆ ತೆರೆಯಲಾಗದ ಬೀಗ ಬೇಕೆನ್ನುತ್ತವೆ. ಯಾರು ಬೇಕಾದರೂ ತೆರೆದು ತಿದ್ದಬಹುದಾದ, ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಕೋಡಿಯಂಥ ತಂತ್ರಾಂಶದೊಳಗೆ ಕೀಲಿಯನ್ನು ಬಚ್ಚಿಡಲು ಜಾಗವೇ ಇಲ್ಲ. ಬೇರೆ ತಂತ್ರಾಂಶಗಳಲ್ಲೂ ತನ್ನ ಹಾಡು ನುಡಿಯಲೆಂದು ಸ್ಪಾಟಿಫೈ ತಾನೇ ಕೊಟ್ಟಿದ್ದ ಲಿಬ್‌ಸ್ಪಾಟಿಫೈ ಎಂಬ ಸಿದ್ಧ ಕೋಡ್‌ನ ಲೈಬ್ರರಿಯನ್ನು 2015ರಲ್ಲಿ ಕೈಬಿಟ್ಟು 2022ರಲ್ಲಿ ಪೂರ್ತಿ ನಿಲ್ಲಿಸಿತು. ಈಗ ಅನೇಕರು ಆಶ್ರಯಿಸಿರುವ ಲಿಬ್ರೆಸ್ಪಾಟ್, ಸ್ಪಾಟಿಫೈ ಒಳಗಿನ ಸಂವಹನದ ನಿಯಮಗಳನ್ನು (ಪ್ರೊಟೊಕಾಲ್) ಹೊರಗಿನವರೇ ಬಿಡಿಸಿ ನೋಡಿ ಕಟ್ಟಿದ್ದು. ಪ್ರೀಮಿಯಂ ಖಾತೆ ಇದ್ದರೆ ಮಾತ್ರ ನಡೆಯುತ್ತದೆ, ಅದೂ ಕಂಪನಿ ಸುಮ್ಮನಿರುವವರೆಗೆ. ಇದಕ್ಕೆ ವಿರುದ್ಧವಾದ ಉದಾಹರಣೆ ಸ್ಕ್ವೀಜ್‌ಬಾಕ್ಸ್ ಎಂಬ, ಮನೆಯ ನೆಟ್‌ವರ್ಕ್‌ನಲ್ಲಿ ಹಾಡು ನುಡಿಸುವ ಪೆಟ್ಟಿಗೆ. ಲಾಜಿಟೆಕ್ 2012ರಲ್ಲಿ ಅದನ್ನು ಕೈಬಿಟ್ಟರೂ ಸರ್ವರ್ ತಂತ್ರಾಂಶ ಮುಕ್ತವಾಗಿದ್ದರಿಂದ ಲಿರಿಯನ್ ಎಂಬ ಹೆಸರಿನಲ್ಲಿ ಬಳಕೆದಾರರೇ ಅದನ್ನು ನಡೆಸಿಕೊಂಡು ಹೋಗುತ್ತಿದ್ದಾರೆ.

ದಾಖಲೆಯ ಮಟ್ಟದಲ್ಲಿ ಇಂಥ ತೊಡಕಿಲ್ಲ. ಕಲಾವಿದ, ಹಾಡು, ಸಮಯ, ಇಷ್ಟೇ ಸಾಕು. ಲಾಭದ ಉದ್ದೇಶವಿಲ್ಲದ ಮೆಟಾಬ್ರೈನ್ಜ್ ಪ್ರತಿಷ್ಠಾನದ ಲಿಸನ್‌ಬ್ರೈನ್ಜ್ ಇದನ್ನು ಮುಕ್ತವಾಗಿಯೇ ನಡೆಸುತ್ತಿದೆ. ಅಲ್ಲಿ ಗೆಳೆಯರು ಕೇಳಿದ್ದನ್ನು ನೋಡಿ, ಅದೇ ಹಾಡು ನಮ್ಮ ಡಿಸ್ಕಿನಲ್ಲೋ ಯೂಟ್ಯೂಬಿನಲ್ಲೋ ಎಲ್ಲಿ ಸಿಕ್ಕರೆ ಅಲ್ಲಿಂದ ಹಾಕಿಕೊಳ್ಳಬಹುದು. ಅದರ ಜೊತೆಗಿರುವ ಮ್ಯೂಸಿಕ್‌ಬ್ರೈನ್ಜ್ ಎಂಬ ಸಂಗೀತದ ಮಾಹಿತಿಕೋಶ ಕೃತಿಯನ್ನೂ ಅದರ ಧ್ವನಿಮುದ್ರಣವನ್ನೂ ಬೇರೆಬೇರೆಯಾಗಿ ದಾಖಲಿಸುತ್ತದೆ. ಹಾಡಿದವರ ಜಾಗದಲ್ಲಿ ಪುರಂದರದಾಸರ ಹೆಸರು ತುಂಬಿರುವ ಫೈಲುಗಳನ್ನು ಇಟ್ಟುಕೊಂಡಿರುವ ನಮ್ಮಂಥವರಿಗೆ ಇದು ಸಣ್ಣ ಉಪಕಾರವೇನಲ್ಲ.

ಇಷ್ಟಾದರೂ ನಿಜವಾದ ಕಷ್ಟ ಉಳಿದೇ ಇದೆ. ಫೋನು ಒಬ್ಬರದ್ದು, ಹಾಲ್ ಎಲ್ಲರದ್ದು. ಬೆಳಿಗ್ಗೆ ಅಮ್ಮ ಹಾಕಿದ ದಾಸರ ಪದ, ಸಂಜೆ ಮಗ ಹಾಕಿದ ಸಿನಿಮಾ ಹಾಡು, ಅತಿಥಿಗಳು ಕೇಳಿದ ಗಜಲ್, ಎಲ್ಲವೂ ಖಾತೆ ತೆರೆದವನ ಹೆಸರಿಗೇ ಬೀಳುತ್ತವೆ, ಗೆಳೆಯರ ಬಳಗಕ್ಕೂ ಹಾಗೆಯೇ ಕಾಣುತ್ತವೆ. ಕೋಡಿಯಲ್ಲಿ ಪ್ರತ್ಯೇಕ ಪ್ರೊಫೈಲುಗಳಿವೆ ಎಂಬ ಉತ್ತರ ಸಿದ್ಧವಾಗಿರುತ್ತದೆ, ನಿಜ. ಆದರೆ ಒಂದು ಹಾಡಿಗೋಸ್ಕರ ರಿಮೋಟ್ ಹಿಡಿದು ಮೆನುವಿಗೆ ಹೋಗಿ, ಇದ್ದ ಪ್ರೊಫೈಲಿನಿಂದ ಹೊರಬಂದು ಇನ್ನೊಂದರೊಳಗೆ ಹೊಕ್ಕು, ಮತ್ತೆ ಲೈಬ್ರರಿ ತೆರೆಯುವ ತಾಳ್ಮೆ ಯಾವ ಮನೆಯಲ್ಲಿದೆ?

ಹಾಗಾಗಿ ಬೇಕಿರುವುದು ಪ್ರೊಫೈಲ್ ಬದಲಿಸದೆಯೇ ಈಗ ಕೇಳುತ್ತಿರುವವರು ಯಾರೆಂದು ರಿಮೋಟಿನ ಒಂದೇ ಗುಂಡಿಯಲ್ಲಿ ಹೇಳುವ ಅನುಕೂಲ. ಒಬ್ಬರಿಗಿಂತ ಹೆಚ್ಚು ಜನರಿದ್ದರೆ ಅಷ್ಟೂ ಖಾತೆಗಳಿಗೆ ಜಮೆಯಾಗುವ ಏರ್ಪಾಡು. ಯಾರೂ ಏನೂ ಹೇಳದಿದ್ದರೆ ಎಲ್ಲಿಯೂ ಏನನ್ನೂ ದಾಖಲಿಸದಿರುವ ಮರ್ಯಾದೆ. ಕೊನೆಯದರ ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ. ಇದಕ್ಕಾಗಿ ಕೋಡಿಯ ಮುಖ್ಯ ತಂಡವನ್ನು ಕಾಯಬೇಕಾಗಿಯೂ ಇಲ್ಲ, ಅದರ ಆಡ್‌ಆನ್‌ಗಳನ್ನು ಪೈಥಾನ್‌ನಲ್ಲಿ ಬರೆಯುವುದರಿಂದ ಆ ಭಾಷೆ ಬಲ್ಲ ಯಾರು ಬೇಕಾದರೂ ಕೈಹಚ್ಚಬಹುದು. ಯಾರಾದರೂ ಆರಂಭಿಸಿದರೆ ಕನ್ನಡದ ಮೆನು ಬರೆದುಕೊಡುವ ಕೆಲಸ ನನಗಿರಲಿ.