ಮಗು ಮತ್ತೆ ಮತ್ತೆ ಬೋರ್ಡ್ ನೋಡಿದರೆ ಬೈಯಬೇಡಿ

ಶನಿವಾರ ಮಗಳ ಶಾಲೆಯಲ್ಲಿ ಪೋಷಕರ ಮೀಟಿಂಗ್ ಇತ್ತು. ಮೂರನೇ ಕ್ಲಾಸು. "ಒಂದು ಸಾಲು ಬರೆಯಲಿಕ್ಕೆ ಐದಾರು ಸಲ ತಲೆ ಎತ್ತಿ ಬೋರ್ಡ್ ನೋಡ್ತಾಳೆ. ನೆನಪಿನ ಶಕ್ತಿ ಕಮ್ಮಿ ಅಂತ ಕಾಣ್ತದೆ" ಅಂದರು ಟೀಚರ್. ಅವಳು ಪಕ್ಕದಲ್ಲೇ ನಿಂತಿದ್ದಳು. ಬಸ್ಸು ಪಂಪ್‌ವೆಲ್ ದಾಟುವವರೆಗೂ ಮಾತಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು, "ಅಮ್ಮಾ, ನನಗೆ ಎಂತದೂ ನೆನಪು ಉಳಿಯುದಿಲ್ವಾ?"

ಮನೆಗೆ ಬಂದು ಗೋಡೆಗೆ ಒಂದು ಸಾಲು ಬರೆದು ಅಂಟಿಸಿ, ನಕಲು ಮಾಡಲು ಹೇಳಿದೆ. ಅವಳ ಕಣ್ಣನ್ನೇ ನೋಡುತ್ತಾ ಕೂತೆ. "ಸ್ವಾತಂತ್ರ್ಯ" ಬಂತು. "ಸ್ವಾ" ಬರೆದು ತಲೆ ಎತ್ತಿದಳು. "ತಂ" ಬರೆದು ಮತ್ತೆ ಎತ್ತಿದಳು. "ತ್ರ್ಯ"ಕ್ಕೆ ಎರಡು ಸಲ. ರ ಒತ್ತಿಗೆ ಒಮ್ಮೆ, ಯ ಒತ್ತಿಗೆ ಒಮ್ಮೆ. ಒಂದು ತಪ್ಪೂ ಇಲ್ಲ.

ಕಂಡದ್ದನ್ನು ಕೆಲವು ಕ್ಷಣ ಹಿಡಿದಿಟ್ಟುಕೊಳ್ಳುವ ಜಾಗ ಎಲ್ಲರ ತಲೆಯಲ್ಲೂ ಚಿಕ್ಕದೇ. ದೊಡ್ಡವರಿಗೂ ಮೂರು ನಾಲ್ಕು ವಸ್ತು ಹಿಡಿಸಿದರೆ ಹೆಚ್ಚು. ಲಕ್ ಮತ್ತು ವೋಗೆಲ್ ಎಂಬ ಇಬ್ಬರು ವಿಜ್ಞಾನಿಗಳು 1997ರಲ್ಲೇ ಇದನ್ನು ತೋರಿಸಿದ್ದಾರೆ. "ಸ್ವಾತಂತ್ರ್ಯ" ಅನ್ನುವುದು ಟೀಚರಿಗೆ ಒಂದೇ ವಸ್ತು, ಸಾವಿರ ಸಲ ಬರೆದ ಪದ. ಎಂಟು ವರ್ಷದ ಮಗುವಿಗೆ ಅದು ನಾಲ್ಕೈದು ಬೇರೆ ಬೇರೆ ಆಕಾರ. ಈ ವ್ಯತ್ಯಾಸ ನಮಗೆ ಹೊಳೆಯುವುದೇ ಇಲ್ಲ ಅಲ್ವಾ?

1995ರಲ್ಲಿ ಬಲಾರ್ಡ್, ಹೇಹೋ ಮತ್ತು ಪೆಲ್ಜ್ ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಬಣ್ಣದ ಚೌಕಗಳ ಮಾದರಿ ನೋಡಿ ಹಾಗೇ ಜೋಡಿಸಬೇಕು. ಮಾಡಿದವರು ದೊಡ್ಡವರೇ. ಎಷ್ಟೋ ಸಲ ಒಂದೇ ಚೌಕಕ್ಕೆ ಎರಡೆರಡು ಬಾರಿ ಮಾದರಿಯತ್ತ ನೋಡಿದರು. ಬಣ್ಣ ಯಾವುದು ಅಂತ ಒಮ್ಮೆ, ಎಲ್ಲಿ ಇಡಬೇಕು ಅಂತ ಇನ್ನೊಮ್ಮೆ. ಮಾದರಿಯನ್ನು ತಲೆ ತಿರುಗಿಸಿ ನೋಡುವಷ್ಟು ದೂರ ಇಟ್ಟಾಗ ನೋಡುವುದು ಕಡಿಮೆಯಾಯಿತು, ನೆನಪಿಟ್ಟುಕೊಳ್ಳುವುದು ಜಾಸ್ತಿಯಾಯಿತು. ಅಂದರೆ ಕಣ್ಣು ಹೊರಳಿಸಿದರೆ ಸಿಗುವುದನ್ನು ಸುಮ್ನೆ ತಲೆಯಲ್ಲಿ ಹೊರುವವರು ಯಾರೂ ಇಲ್ಲ.

ನಮ್ಮ ಅತ್ತೆ ತುಳಸಿ ಪೂಜೆಗೆ ಮೊಬೈಲ್ ನೋಡಿ ರಂಗೋಲಿ ಹಾಕುತ್ತಾರೆ. ಫೋನ್ ಪಕ್ಕದಲ್ಲಿದ್ದರೆ ಒಂದೊಂದು ಎಳೆಗೂ ಅತ್ತ ಒಂದು ನೋಟ. ಚಾರ್ಜಿಗೆಂದು ಜಗಲಿಯಲ್ಲಿಟ್ಟ ದಿನ, ಎದ್ದು ಹೋಗಿ ನೋಡಿ ಬಂದು ಮೂರು ಎಳೆ ಒಟ್ಟಿಗೆ ಎಳೆಯುತ್ತಾರೆ. ಆದರೆ ಆ ದಿನ ಅಳಿಸಿ ತಿದ್ದುವುದೂ ಜಾಸ್ತಿ. ಅವರ ನೆನಪಿನ ಶಕ್ತಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮಗು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅದು ಬೇರೆ ವಿಷಯ. ಸರಿಯಾಗಿ ಬರೆಯಬೇಕೆಂದು ಮತ್ತೊಮ್ಮೆ ನೋಡುವ ಮಗುವಿಗೆ "ನಿನಗೆ ನೆನಪಿಲ್ಲ" ಅನ್ನಬೇಡಿ. ಮುಂದಿನ ಸಲದಿಂದ ಅದು ನೋಡದೆ ಊಹಿಸಿ ಬರೆಯುತ್ತದೆ, ತಪ್ಪು ಬರೆಯುತ್ತದೆ.

ಟೀಚರುಗಳಲ್ಲಿ ನನ್ನದೊಂದೇ ಕೋರಿಕೆ. ಬೋರ್ಡ್ ಒರೆಸುವ ಮೊದಲು ಒಮ್ಮೆ ಕ್ಲಾಸಿನ ಕಡೆ ತಿರುಗಿ ನೋಡಿ. ಯಾವುದಾದರೂ ಒಂದು ತಲೆ ಇನ್ನೂ ಮೇಲೆ ಕೆಳಗೆ ಆಗುತ್ತಿದ್ದರೆ, ಇನ್ನೆರಡು ನಿಮಿಷ ಹಾಗೇ ಬಿಡಿ.