ಸಾವಿರ ವರ್ಷದ ಬೀಗ, ಇಪ್ಪತ್ನಾಲ್ಕು ಕೀಲಿಕೈ

ಜುಲೈ 5 ಹತ್ತಿರ ಬಂತೆಂದರೆ ಯಾರಾದರೂ ಒಬ್ಬರು ನನಗೆ ಆ ಫೋಟೋ ಕಳಿಸಿಯೇ ಕಳಿಸುತ್ತಾರೆ. ನಾಲ್ಕು ಅಂತಸ್ತಿನ ಹಸಿರು ದಿಬ್ಬ. ತುದಿಯಲ್ಲಿ ಬ್ರಿಟನ್ ದೊರೆಯ ಪ್ರತಿನಿಧಿ, ಕೆಳಗಿನ ಅಂತಸ್ತುಗಳಲ್ಲಿ ಗಂಭೀರ ಮುಖದ ಸದಸ್ಯರು. ಜೊತೆಗೆ ಒಂದು ಸಾಲು: ಜಗತ್ತಿನಲ್ಲೇ ಅತಿ ಹಳೆಯ, ಒಮ್ಮೆಯೂ ನಿಲ್ಲದೆ ನಡೆದು ಬಂದ ಸಂಸತ್ತು, ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ, ಬ್ರಿಟನ್ ದೊರೆಗೆ ಸೇರಿದರೂ ತನ್ನ ಕಾನೂನು ತಾನೇ ಮಾಡಿಕೊಳ್ಳುವ ಐಲ್ ಆಫ್ ಮ್ಯಾನ್ ದ್ವೀಪದ ಟಿನ್‌ವಾಲ್ಡ್. ನೋಡಿ ಕಲಿಯಿರಿ ಎನ್ನುವ ಧಾಟಿ.

ಸರಿ, ಕಲಿಯೋಣ.

ಆ ದಿನ ದಿಬ್ಬದ ಸಭೆಗೆ ಬರುವವರು ಕೋಟಿಗೆ ಸಿಕ್ಕಿಸಿಕೊಳ್ಳುವ ಸೊಪ್ಪಿನ ಕುಡಿ ಬೇರೇನಲ್ಲ, ನಮ್ಮ ಮಾಚಿಪತ್ರೆಯ ಜಾತಿಯದೇ. ಕೆಟ್ಟದ್ದು ತಾಗದಿರಲಿ ಅಂತ. ಆಮೇಲೆ ಹೊಸ ಕಾನೂನುಗಳ ಸಾರಾಂಶವನ್ನು ಇಂಗ್ಲಿಷಿನಲ್ಲೂ ದ್ವೀಪದ ಹಳೇ ಭಾಷೆಯಾದ ಮ್ಯಾಂಕ್ಸ್‌ನಲ್ಲೂ ಜೋರಾಗಿ ಓದಿಸುತ್ತಾರೆ. 18 ತಿಂಗಳೊಳಗೆ ಹೀಗೆ ಓದದಿದ್ದರೆ ಆ ಕಾನೂನು ಬಿದ್ದುಹೋಗುತ್ತದೆ. ಈ ಒಂದು ನಿಯಮ ನನಗೆ ನಿಜವಾಗಿಯೂ ಇಷ್ಟ. ಅದನ್ನು ಬರೆದವರೂ ಒಂದು ಸಲ ಕಿವಿಯಾರೆ ಕೇಳಿಸಿಕೊಳ್ಳಬೇಕಾಗುತ್ತದೆ, ಅದೂ ಬಯಲಲ್ಲಿ, ನಿದ್ದೆ ಬಾರದ ಗಾಳಿಯಲ್ಲಿ.

ದ್ವೀಪದ ಜನಸಂಖ್ಯೆ ಸುಮಾರು 84,000. ಅಷ್ಟಕ್ಕೆ ಎರಡು ಸದನ. ಕೆಳಮನೆಯ ಹೆಸರು ಹೌಸ್ ಆಫ್ ಕೀಸ್, ಅಂದರೆ ಕೀಲಿಕೈಗಳ ಮನೆ. ಸದಸ್ಯರು 24. ಮ್ಯಾಂಕ್ಸ್ ಭಾಷೆಯಲ್ಲಿ 'ಕಿಯಾರೆ ಅಸ್ ಫೀಡ್' ಎಂದರೆ ನಾಲ್ಕು ಮತ್ತು ಇಪ್ಪತ್ತು. ಅದೇ ಇಂಗ್ಲಿಷ್ ಕಿವಿಗೆ ಬಿದ್ದು 'ಕೀಸ್' ಆಯಿತು ಅಂತ ಒಂದು ವಾದ ಇದೆ. ಇರಬಹುದು. ಅವರ ಚರಿತ್ರೆ ಓದಿದ ಮೇಲೆ ನನಗಂತೂ ಕೀಲಿಕೈ ಅನ್ನುವುದೇ ಸರಿ ಅನಿಸಿದೆ.

ಯಾಕೆಂದರೆ 1866ರವರೆಗೆ ಈ ಮನೆಗೆ ಚುನಾವಣೆಯೇ ಇರಲಿಲ್ಲ. ಒಬ್ಬರು ಸತ್ತರೆ ಉಳಿದವರೇ ಕೂತು, ಮಗಳಿಗೆ ಗಂಡು ಹುಡುಕಿದ ಹಾಗೆ, ಎರಡು ಹೆಸರು ಆರಿಸುತ್ತಿದ್ದರು. ದೊರೆಯ ಪ್ರತಿನಿಧಿಯಾದ ಗವರ್ನರ್ ಅದರಲ್ಲಿ ಒಂದನ್ನು ಒಪ್ಪುತ್ತಿದ್ದರು. ಆಮೇಲೆ ಆಯುಷ್ಯ ಇರುವವರೆಗೆ ಕುರ್ಚಿ. ಎಷ್ಟು ಚೊಕ್ಕ ನೋಡಿ. ಪ್ರಚಾರದ ಖರ್ಚಿಲ್ಲ, ಸುಳ್ಳು ಭರವಸೆ ಇಲ್ಲ, ಸೋಲುವ ಭಯವಂತೂ ಇಲ್ಲವೇ ಇಲ್ಲ. ಇಷ್ಟು ವ್ಯವಸ್ಥೆ ಇದ್ದರೆ ಸಾವಿರ ವರ್ಷ ಏನು, ಎರಡು ಸಾವಿರ ವರ್ಷವೂ ನಿಲ್ಲದೆ ನಡೆಸಬಹುದು. ಅಂದ ಹಾಗೆ ಆ ಸಾವಿರದ ಲೆಕ್ಕವೂ ಅಂದಾಜಿನದೇ. 1979ರಲ್ಲಿ ಭರ್ಜರಿ ಸಹಸ್ರಮಾನೋತ್ಸವ ಮಾಡಿದರು. 979ರಲ್ಲೇ ಶುರುವಾಯಿತು ಅನ್ನುವುದಕ್ಕೆ ಗಟ್ಟಿ ದಾಖಲೆ ಮಾತ್ರ ಇಲ್ಲ. ಹುಟ್ಟಿದ ದಿನ ಗೊತ್ತಿಲ್ಲದ ಅಜ್ಜನಿಗೆ ಶಾಲೆ ಮೇಷ್ಟ್ರು ಜೂನ್ 1 ಅಂತ ಬರೆದ ಹಾಗೆ.

ಈ ಚೊಕ್ಕ ವ್ಯವಸ್ಥೆಗೆ ಕಲ್ಲು ಹೊಡೆದವನು ಜೇಮ್ಸ್ ಬ್ರೌನ್, 'ಐಲ್ ಆಫ್ ಮ್ಯಾನ್ ಟೈಮ್ಸ್' ಪತ್ರಿಕೆಯ ಸಂಪಾದಕ. 1864ರಲ್ಲಿ ಡಗ್ಲಸ್ ಪಟ್ಟಣದ ಜನ ತಮ್ಮ ಊರಿನ ಆಡಳಿತಕ್ಕೆ ಇನ್ನಷ್ಟು ಅಧಿಕಾರ ಕೇಳಿದರು. ಕೀಲಿಕೈಗಳು ಒಪ್ಪಲಿಲ್ಲ. ಬ್ರೌನ್ ಪತ್ರಿಕೆಯಲ್ಲಿ ಝಾಡಿಸಿದ. ಸದನಕ್ಕೆ ಅವಮಾನ ಆಯಿತು. ಯಾರೂ ಆರಿಸದ ಸದನಕ್ಕೆ ಮಾನ ಜಾಸ್ತಿ, ಅಲ್ವಾ? ಬ್ರೌನ್‌ನನ್ನು ಕರೆಸಿದರು. ದೂರು ಅವರದೇ, ವಿಚಾರಣೆ ಅವರದೇ, ತೀರ್ಪೂ ಅವರದೇ: ಆರು ತಿಂಗಳು ಜೈಲು. ಕ್ಯಾಸಲ್ ರಷೆನ್ ಎಂಬ ಹಳೇ ಕಲ್ಲುಕೋಟೆಯಲ್ಲಿ ಹಾಕಿ ಬೀಗ ಜಡಿದರು. ಏಳು ವಾರದ ಮೇಲೆ ಲಂಡನ್ನಿನ ಕೋರ್ಟು ಅವನನ್ನು ಬಿಡಿಸಿತು. ಶಾಸನ ಮಾಡುವಾಗ ನಿಮಗೆ ಈ ಅಧಿಕಾರ ಇಲ್ಲ ಎಂದಿತು. ಬ್ರೌನ್ ಹೊರಬಂದು ಸದನದ ಮೇಲೇ ಕೇಸು ಹಾಕಿ 500 ಪೌಂಡಿಗೂ ಜಾಸ್ತಿ ಪರಿಹಾರ ವಸೂಲಿ ಮಾಡಿದ. ಈ ಭಾಗ ಓದುವಾಗ ನಾನು ಎರಡನೇ ಕಾಫಿ ಮಾಡಿಕೊಂಡೆ.

1866ರಲ್ಲಿ ಗವರ್ನರ್ ಹೆನ್ರಿ ಲಾಕ್ ಲಂಡನ್ ಜೊತೆ ಚೌಕಾಸಿ ಮುಗಿಸಿದ. ಹಣಕಾಸಿನ ಹಿಡಿತ ಸ್ವಲ್ಪ ದ್ವೀಪಕ್ಕೆ, ಬದಲಿಗೆ ಕೀಲಿಕೈಗಳಿಗೆ ಚುನಾವಣೆ. ಒಪ್ಪಿಕೊಂಡರು. ದುಡ್ಡು ಕಂಡರೆ ಎಂಥ ಬೀಗವೂ ತೆರೆಯುತ್ತದೆ.

1881ರ ಹೆಮ್ಮೆಯನ್ನು ಬಿಡುವ ಹಾಗಿಲ್ಲ. ಹೆಂಗಸರಿಗೆ ಮತ ಕೊಟ್ಟವರಲ್ಲಿ ನಾವೇ ಮೊದಲಿಗರು ಅಂತ ಈಗಲೂ ಹೇಳಿಕೊಳ್ಳುತ್ತಾರೆ. ಕೊಟ್ಟದ್ದು ಹೌದು. ಆಸ್ತಿ ಇರಬೇಕು, ಗಂಡ ಇರಬಾರದು. ಮದುವೆಯಾಗದವಳಿಗೆ ಮತ, ವಿಧವೆಗೆ ಮತ. ಅಂದರೆ ತಾಳಿ ಬಿತ್ತೋ, ಬುದ್ಧಿ ಹೋಯಿತು. ಗಂಡ ಸತ್ತ ಬೆಳಗ್ಗೆ ವಾಪಸ್ ಬಂತು. ಎಲ್ಲ ಹೆಂಗಸರೂ ಮತದಾರರಾಗಿದ್ದು 1919ರಲ್ಲಿ.

ರಸ್ತೆ ವಿಷಯಕ್ಕೆ ಬಂದಾಗ ಮಾತ್ರ ಇವರಷ್ಟು ಚುರುಕು ಯಾರೂ ಇಲ್ಲ. 1904ರಲ್ಲಿ ಬ್ರಿಟನ್ನಿನಲ್ಲಿ ಗಂಟೆಗೆ 20 ಮೈಲಿಗಿಂತ ಜೋರಾಗಿ ಹೋಗುವಂತಿರಲಿಲ್ಲ, ರೇಸಿಗೆ ರಸ್ತೆ ಮುಚ್ಚುವಂತಿರಲಿಲ್ಲ. ಟಿನ್‌ವಾಲ್ಡ್ ತಕ್ಷಣ ಕಾನೂನು ಮಾಡಿ ರಸ್ತೆ ಮುಚ್ಚಿಕೊಟ್ಟಿತು. 1907ರ ಮೊದಲ ಟಿಟಿ, ಅಂದರೆ ಟೂರಿಸ್ಟ್ ಟ್ರೋಫಿ, ಬೈಕ್ ರೇಸ್ ಹೊರಟದ್ದು ಅದೇ ಕಾನೂನು ಓದುವ ದಿಬ್ಬದ ಪಕ್ಕದಿಂದ. ಈಗಿನ ಹಾದಿ ಸುಮಾರು 60 ಕಿಲೋಮೀಟರ್. ಊರ ನಡುವೆ, ಮನೆಯ ಕಲ್ಲು ಗೋಡೆಗೆ ಭುಜ ತಾಗುವಷ್ಟು ಹತ್ತಿರ ಹಾದುಹೋಗುತ್ತದೆ. ಆ ಹಾದಿಯಲ್ಲಿ ಸತ್ತವರು 260ಕ್ಕೂ ಹೆಚ್ಚು. 2022ರ ಟಿಟಿ ಒಂದರಲ್ಲೇ, ಅದರ ಅಭ್ಯಾಸ ಮತ್ತು ರೇಸುಗಳೆಲ್ಲ ಸೇರಿ, ಆರು ಜನ. ಪ್ರವಾಸಿಗರು ಬರುತ್ತಾರಲ್ಲ, ಹೋಟೆಲ್ ತುಂಬುತ್ತವಲ್ಲ. ಊರಿನ ಹೊರಗೆ ಹೆದ್ದಾರಿಯಲ್ಲಿ ಸಾಮಾನ್ಯ ವೇಗಮಿತಿ ಇವತ್ತಿಗೂ ಇಲ್ಲ.

ದ್ವೀಪದ ಲಾಂಛನದಲ್ಲಿ ಮೂರು ಕಾಲು. ಕೆಳಗೆ ಲ್ಯಾಟಿನ್ ಸಾಲು: ಎತ್ತ ಎಸೆದರೂ ನಿಂತುಕೊಳ್ಳುತ್ತದೆ. ರಾಜಕಾರಣಿಗೆ ಇದಕ್ಕಿಂತ ಒಳ್ಳೆಯ ಬಿರುದು ಇಲ್ಲ ಅಂತ ಬರೆದು ಇಲ್ಲಿಗೇ ನಗುತ್ತಾ ಮುಗಿಸೋಣ ಅಂದುಕೊಂಡಿದ್ದೆ. ಆಗಲಿಲ್ಲ.

1972ರಲ್ಲಿ ಅಲ್ಲಿನ ಕೋರ್ಟು 15 ವರ್ಷದ ಹುಡುಗನೊಬ್ಬನಿಗೆ ಬರ್ಚ್ ಮರದ ಕಡ್ಡಿಯಿಂದ ಮೂರು ಏಟು ಅಂತ ಶಿಕ್ಷೆ ಕೊಟ್ಟಿತು. ಪೊಲೀಸ್ ಠಾಣೆಯಲ್ಲಿ ಪ್ಯಾಂಟು, ಚಡ್ಡಿ ಇಳಿಸಿ ಮೇಜಿನ ಮೇಲೆ ಬಗ್ಗಿಸಿದರು. ಇಬ್ಬರು ಪೊಲೀಸರು ಹಿಡಿದುಕೊಂಡರು, ಮೂರನೆಯವನು ಹೊಡೆದ. ಮೊದಲ ಏಟಿಗೇ ಕಡ್ಡಿಯ ಚೂರುಗಳು ಮುರಿದು ಬಿದ್ದವು. 1978ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಇದು ಹೀನಾಯ ಶಿಕ್ಷೆ ಎಂದಿತು. ದ್ವೀಪದ ವಾದ ಏನಾಗಿತ್ತು ಗೊತ್ತಾ? ನಮ್ಮ ಜನಕ್ಕೆ ಇದು ಬೇಕು. ಸುಮಾರು 45,000 ಮತದಾರರಲ್ಲಿ 31,000 ಜನ ಸಹಿ ಹಾಕಿದ್ದಾರೆ. ಆ ಕಾನೂನು ಪುಸ್ತಕದಿಂದ ಹೋಗಿದ್ದು 1993ರಲ್ಲಿ. ಗಂಡಸು ಗಂಡಸನ್ನು ಪ್ರೀತಿಸಿದರೆ ಅಪರಾಧ ಅನ್ನುವುದು ಇಂಗ್ಲೆಂಡಿನಲ್ಲಿ 1967ರಲ್ಲಿ ಹೋಯಿತು, ಇಲ್ಲಿ 1992ರಲ್ಲಿ. ಇಪ್ಪತ್ತೈದು ವರ್ಷ. ರಸ್ತೆ ಮುಚ್ಚುವುದಕ್ಕೆ ಲಂಡನ್ನಿಗಿಂತ ಮುಂದೆ ಓಡಿದ ಸದನಕ್ಕೆ ಇದಕ್ಕೆ ಕಾಲು ಏಳಲಿಲ್ಲ. ಮೂರು ಕಾಲಿದ್ದೂ. ಹಳೇದು ಅನ್ನುವುದೇ ಒಂದು ದೊಡ್ಡಸ್ತಿಕೆ ಅಂತ ನನಗೆ ಇನ್ನು ಫೋಟೋ ಕಳಿಸಬೇಡಿ, ಸಾಕಾಗಿದೆ.

ಕ್ಯಾಸಲ್‌ಟೌನ್‌ನಲ್ಲಿ ಕೀಲಿಕೈಗಳು ಕೂರುತ್ತಿದ್ದ ಹಳೇ ಮನೆ ಈಗ ಮ್ಯೂಸಿಯಂ. ಪ್ರವಾಸಿಗರು ಸದಸ್ಯರ ಜಾಗದಲ್ಲಿ ಕೂತು ಹಳೇ ಚರ್ಚೆಗಳನ್ನು ಆಡಿ ನೋಡಬಹುದು, ಮತವನ್ನೂ ಹಾಕಬಹುದು. ಗಂಡ ಬದುಕಿದ್ದರೂ ಪರವಾಗಿಲ್ಲ. ಅಲ್ಲಿಂದ ಹೊರಗೆ ಬಂದರೆ ಹತ್ತಿರದಲ್ಲೇ ಬ್ರೌನ್ ಏಳು ವಾರ ಕೂತಿದ್ದ ಕೋಟೆ. ಅದೂ ನೋಡುವ ಜಾಗವೇ.